ನಾಯಿ ಕಚ್ಚಿದರೆ ಹೊಣೆ ಯಾರದು?

ಕೊಳ್ಳೇಗಾಲ: ‘ಏನೂ ಮಾಡಲ್ಲ, ಬನ್ನಿ.’

ಗೇಟಿನ ಬಳಿ ನಿಂತು ಹಿಂಜರಿಯುವ ಅಂಚೆಯಣ್ಣನಿಗೋ, ವಿದ್ಯುತ್ ಮೀಟರ್ ನೋಡಲು ಬಂದವರಿಗೋ, ಮನೆ ಮನೆ ಸುತ್ತುವ ಆಶಾ ಕಾರ್ಯಕರ್ತೆಗೋ ಒಳಗಿನಿಂದ ಕೇಳಿಬರುವ ಮಾತಿದು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನೆಚ್ಚಿ ಬಹುತೇಕರು ಒಳಗೆ ಹೆಜ್ಜೆ ಇಡುತ್ತಾರೆ. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಆದರೆ ಎಂದಾದರೊಮ್ಮೆ ನಾಯಿ ಮೇಲೆರಗಿತೆಂದರೆ, ಆ ಗಾದೆಗೆ ನ್ಯಾಯಾಲಯದಲ್ಲಿ ಕಿಂಚಿತ್ತೂ ಬೆಲೆಯಿಲ್ಲ. ‘ಬನ್ನಿ’ ಎಂದು ಕರೆದ ಮಾತಿಗೆ ಮಾತ್ರ ಬೆಲೆಯಿದೆ.

ಸಾಕುನಾಯಿ ಕಚ್ಚಿದಾಗ ಏನು ಮಾಡಬೇಕೆಂಬ ಪ್ರಶ್ನೆಗೆ ಊರುಗಳಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ. ನಾಯಿಯ ಮನೆಯವರು ಇಂಜೆಕ್ಷನ್ ಖರ್ಚಿಗೆಂದು ಒಂದಿಷ್ಟು ಹಣ ಕೊಡುತ್ತಾರೆ, ಹಿರಿಯರು ರಾಜಿ ಮಾಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತವಾಗಿ ಸಿಗಬಹುದು. ಆದರೆ ಕೈಗೆ ಗಾಯವಾಗಿ ವಾರಗಟ್ಟಲೆ ಮಗ್ಗದ ಮುಂದೆ ಕೂರಲಾಗದ ರೇಷ್ಮೆ ನೇಕಾರನ ಕೂಲಿಯನ್ನು ಕೊಡುವವರು ಯಾರು? ಮುಖದ ಮೇಲೆ ಶಾಶ್ವತ ಕಲೆ ಉಳಿದ ಮಗುವಿನ ನಷ್ಟವನ್ನು ಅಳೆಯುವವರು ಯಾರು? ಈ ಪ್ರಶ್ನೆಗಳಿಗೆ ಕಾನೂನಿನಲ್ಲಿ ಉತ್ತರವಿದೆ. ಅದು ಒಂದೇ ಪುಸ್ತಕದಲ್ಲಿ ಇಲ್ಲದಿರುವುದರಿಂದ ಬಹಳ ಮಂದಿಗೆ ತಿಳಿದಿಲ್ಲ.

ಪ್ರಾಣಿ ಮೂರು ಬಗೆ, ಹೊಣೆಯೂ ಮೂರು ಬಗೆ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಜನರಿಗೆ ಪ್ರಾಣಿಗಳಿಂದಾಗುವ ಅಪಾಯ ಹೊಸತೇನಲ್ಲ. ಒಂದೆಡೆ ಮಲೆ ಮಹದೇಶ್ವರ ವನ್ಯಧಾಮ, ಇನ್ನೊಂದೆಡೆ ಬಿಳಿಗಿರಿರಂಗನ ಬೆಟ್ಟದ ಕಾಡು. ಆನೆ, ಚಿರತೆ ಅಥವಾ ಹುಲಿಯ ದಾಳಿಗೆ ಸಿಲುಕಿದವರಿಗೆ ಅರಣ್ಯ ಇಲಾಖೆಯ ಮೂಲಕ ಸರ್ಕಾರವೇ ಪರಿಹಾರ ನೀಡುತ್ತದೆ. ಕಾಡುಪ್ರಾಣಿಗೆ ಖಾಸಗಿ ಒಡೆಯನಿಲ್ಲ.

ಎರಡನೆಯದು ಬೀದಿನಾಯಿ. ಅದರ ನಿಯಂತ್ರಣ ಸ್ಥಳೀಯ ಸಂಸ್ಥೆಗಳ ಕರ್ತವ್ಯ. ಕೊಳ್ಳೇಗಾಲದಲ್ಲಿ ನಗರಸಭೆ, ಹನೂರು ಮತ್ತು ಯಳಂದೂರಿನಲ್ಲಿ ಪಟ್ಟಣ ಪಂಚಾಯಿತಿ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಈ ಹೊಣೆ ಹೊರಬೇಕು. ಬೀದಿನಾಯಿ ದಾಳಿಯಿಂದ ಸಾವು ಸಂಭವಿಸಿದರೆ 5 ಲಕ್ಷ ರೂಪಾಯಿ, ಗಾಯವಾದರೆ 5 ಸಾವಿರ ರೂಪಾಯಿ ಎಂದು ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಗಾಯದ ಮೊತ್ತದಲ್ಲಿ 3,500 ರೂಪಾಯಿ ಗಾಯಾಳುವಿಗೆ, ಉಳಿದ 1,500 ರೂಪಾಯಿ ಚಿಕಿತ್ಸಾ ವೆಚ್ಚಕ್ಕಾಗಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ ಸಲ್ಲುತ್ತದೆ.

ಮೂರನೆಯದು ಸಾಕುನಾಯಿ. ಇಲ್ಲಿ ಸರ್ಕಾರದ ಹಣಕ್ಕೆ ಕಾಯುವ ಪ್ರಶ್ನೆಯಿಲ್ಲ. ಹೊಣೆ ನಾಯಿ ಸಾಕಿದವರದು. ಆದರೆ ಸಾಕಿದವರು ಯಾರು ಎಂಬುದೇ ಅನೇಕ ಪ್ರಕರಣಗಳಲ್ಲಿ ಮೊದಲ ವಿವಾದವಾಗುತ್ತದೆ.

ಒಡೆತನಕ್ಕಿಂತ ಸ್ವಾಧೀನ ಮುಖ್ಯ

ಭಾರತೀಯ ದಂಡ ಸಂಹಿತೆಯ ಕಲಂ 289, 1860ರಿಂದಲೂ ಈ ವಿಷಯವನ್ನು ಕುರಿತು ಹೇಳುತ್ತಿತ್ತು. ಕೊಳ್ಳೇಗಾಲವು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲೂ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ಮೇಲೂ, 1997ರಲ್ಲಿ ಚಾಮರಾಜನಗರ ಜಿಲ್ಲೆಯ ಭಾಗವಾದ ನಂತರವೂ ಇಲ್ಲಿನವರಿಗೆ ಅನ್ವಯವಾಗುತ್ತಿದ್ದುದು ಅದೇ ಕಲಂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಕಲಂ 291 ಆಗಿದೆ. ಆರು ತಿಂಗಳವರೆಗಿನ ಸೆರೆವಾಸದ ಶಿಕ್ಷೆ ಹಾಗೆಯೇ ಉಳಿದಿದ್ದು, ದಂಡದ ಮಿತಿ ಒಂದು ಸಾವಿರದಿಂದ ಐದು ಸಾವಿರ ರೂಪಾಯಿಗೆ ಏರಿದೆ. ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು.

ಈ ಕಲಮಿನ ಮಾತುಗಳನ್ನು ಗಮನವಿಟ್ಟು ಓದುವುದು ಅಗತ್ಯ. ತನ್ನ ಸ್ವಾಧೀನದಲ್ಲಿರುವ ಪ್ರಾಣಿಯಿಂದ ಮನುಷ್ಯರ ಪ್ರಾಣಕ್ಕೆ ಅಥವಾ ತೀವ್ರ ಗಾಯಕ್ಕೆ ಕಾರಣವಾಗಬಹುದಾದ ಅಪಾಯವನ್ನು ತಡೆಯಲು ಸಾಕಷ್ಟು ಕ್ರಮವನ್ನು, ತಿಳಿದೂ ಅಥವಾ ನಿರ್ಲಕ್ಷ್ಯದಿಂದ, ಕೈಗೊಳ್ಳದಿರುವುದು ಅಪರಾಧ. ಇದರಲ್ಲಿ ಮೂರು ಅಂಶಗಳಿವೆ.

ಮೊದಲನೆಯದಾಗಿ, ಕಾನೂನು ‘ಮಾಲೀಕ’ ಎನ್ನುವುದಿಲ್ಲ, ‘ಸ್ವಾಧೀನ’ ಎನ್ನುತ್ತದೆ. ಜಾತಿನಾಯಿಯನ್ನು ಹಣ ಕೊಟ್ಟು ತಂದವರಿಗೆ ರಸೀದಿ ಇರಬಹುದು, ನಾಟಿನಾಯಿಗೆ ಇರುವುದಿಲ್ಲ. ಹಂದಿ ಕಾಟ ತಡೆಯಲು ಹೊಲದ ಗುಡಿಸಲಿನಲ್ಲಿ ಕಟ್ಟಿದ ಕಾವಲುನಾಯಿ, ಕುರಿ ಹಟ್ಟಿಯ ನಾಯಿ, ಹಗಲೆಲ್ಲ ಬೀದಿಯಲ್ಲಿದ್ದು ರಾತ್ರಿ ಜಗಲಿಯಲ್ಲಿ ಮಲಗುವ ನಾಯಿ, ಇವೆಲ್ಲವೂ ಯಾರ ಸ್ವಾಧೀನದಲ್ಲಿವೆ ಎಂಬುದನ್ನು ಸನ್ನಿವೇಶದಿಂದಲೇ ನಿರ್ಧರಿಸಬೇಕಾಗುತ್ತದೆ. ಅದಕ್ಕೆ ಆಶ್ರಯ ಕೊಟ್ಟವರು ಯಾರು, ಕೊರಳಿಗೆ ಪಟ್ಟಿ ಹಾಕಿದವರು ಯಾರು, ಲಸಿಕೆ ಹಾಕಿಸಿದವರು ಯಾರು, ಹೆಸರು ಹಿಡಿದು ಕರೆದರೆ ಅದು ಯಾರ ಮಾತು ಕೇಳುತ್ತದೆ ಎಂಬುವು ಅಂತಹ ಸನ್ನಿವೇಶಗಳು. ಒಂದು ದಿನ ತುತ್ತು ಅನ್ನ ಹಾಕಿದ ಮಾತ್ರಕ್ಕೆ ಬೀದಿನಾಯಿ ಯಾರದೋ ಸಾಕುನಾಯಿ ಆಗಿಬಿಡುವುದಿಲ್ಲ. ಹಾಗೆಯೇ, ವರ್ಷಗಟ್ಟಲೆ ಮನೆ ಕಾಯಿಸಿಕೊಂಡು, ಕಚ್ಚಿದ ದಿನ ‘ಅದು ನಮ್ಮದಲ್ಲ, ಬೀದಿಯದು’ ಎಂದರೆ ನೆರೆಹೊರೆಯವರ ಸಾಕ್ಷ್ಯದ ಮುಂದೆ ಆ ಮಾತು ನಿಲ್ಲುವುದು ಕಷ್ಟ.

ಎರಡನೆಯದಾಗಿ, ನಾಯಿಯನ್ನು ಸುತ್ತಾಡಿಸುತ್ತಿದ್ದ ಕೆಲಸದವರೂ ಆ ಹೊತ್ತಿಗೆ ಅದನ್ನು ತಮ್ಮ ವಶದಲ್ಲಿ ಇಟ್ಟುಕೊಂಡವರೇ. ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ 2023ರ ಅಕ್ಟೋಬರ್‌ನಲ್ಲಿ ಚಿತ್ರನಟರೊಬ್ಬರ ಮನೆಯ ನಾಯಿ ಮಹಿಳೆಯೊಬ್ಬರನ್ನು ಕಚ್ಚಿದ ದೂರಿನಲ್ಲಿ ನಾಯಿ ನೋಡಿಕೊಳ್ಳುತ್ತಿದ್ದವರ ಹೆಸರೂ ಸೇರಿತ್ತು. ಆಗ ದಾಖಲಾದದ್ದು ಹಳೆಯ ಕಲಂ 289ರ ಪ್ರಕರಣವೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಈ ಅಪರಾಧಕ್ಕೆ ನಾಯಿ ಕಚ್ಚಲೇಬೇಕೆಂದಿಲ್ಲ. ಅಪಾಯ ಸಂಭವನೀಯ ಎಂದು ಗೊತ್ತಿದ್ದೂ ಕ್ರಮ ಕೈಗೊಳ್ಳದಿರುವುದೇ ತಪ್ಪು. ಹೈದರಾಬಾದಿನ ಬಂಜಾರಾ ಹಿಲ್ಸ್‌ನಲ್ಲಿ 2023ರ ಜನವರಿಯಲ್ಲಿ ಊಟದ ಪೊಟ್ಟಣ ತಲುಪಿಸಲು ಹೋಗಿದ್ದ ಯುವಕನೊಬ್ಬ, ಎರಗಿ ಬಂದ ಜರ್ಮನ್ ಷೆಫರ್ಡ್‌ನಿಂದ ತಪ್ಪಿಸಿಕೊಳ್ಳಲು ಮಹಡಿಯಿಂದ ಜಿಗಿದು ಪ್ರಾಣ ಕಳೆದುಕೊಂಡ. ನಾಯಿಯ ಒಡೆಯರ ವಿರುದ್ಧ ಪ್ರಕರಣ ದಾಖಲಾಯಿತು.

ಗಾಯ ಹೆಚ್ಚಾದಂತೆ ಕಲಂ ಹೆಚ್ಚು

ಕಲಂ 291 ಒಂದೇ ಅಲ್ಲ. ನಿರ್ಲಕ್ಷ್ಯದಿಂದ ಇನ್ನೊಬ್ಬರ ಸುರಕ್ಷತೆಗೆ ಕುತ್ತು ತಂದು ಗಾಯವಾದರೆ ನ್ಯಾಯ ಸಂಹಿತೆಯ ಕಲಂ 125ರ ಅಡಿ ಆರು ತಿಂಗಳವರೆಗೆ ಸೆರೆವಾಸ ಅಥವಾ 5 ಸಾವಿರ ರೂಪಾಯಿವರೆಗೆ ದಂಡ, ತೀವ್ರ ಗಾಯವಾದರೆ ಮೂರು ವರ್ಷದವರೆಗೆ ಸೆರೆವಾಸ ಅಥವಾ 10 ಸಾವಿರ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಎರಡನ್ನೂ ಒಟ್ಟಿಗೆ ವಿಧಿಸಬಹುದು. ‘ತೀವ್ರ ಗಾಯ’ ಎಂದರೆ ಏನೆಂಬುದನ್ನು ಕಲಂ 116 ವಿವರಿಸುತ್ತದೆ. ಕಣ್ಣು ಅಥವಾ ಕಿವಿ ಹೋಗುವುದು, ಮುಖ ಶಾಶ್ವತವಾಗಿ ವಿಕಾರಗೊಳ್ಳುವುದು, ಮೂಳೆ ಅಥವಾ ಹಲ್ಲು ಮುರಿಯುವುದು, 15 ದಿನಗಳ ಕಾಲ ತೀವ್ರ ನೋವಿನಿಂದ ನರಳುವುದು ಅಥವಾ ದೈನಂದಿನ ಕೆಲಸ ಮಾಡಲಾಗದಿರುವುದು ಅದರಲ್ಲಿ ಸೇರಿವೆ. ಹಳೆಯ ಸಂಹಿತೆಯಲ್ಲಿ ಈ ಅವಧಿ 20 ದಿನಗಳಾಗಿತ್ತು.

ಸಾವು ಸಂಭವಿಸಿದರೆ ನಿರ್ಲಕ್ಷ್ಯದಿಂದ ಮರಣ ಉಂಟುಮಾಡಿದ ಆರೋಪದಡಿ, ಕಲಂ 106ರಂತೆ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. ದಾವಣಗೆರೆ ಜಿಲ್ಲೆಯ ಹೊನ್ನೂರು ಬಳಿ 2025ರ ಡಿಸೆಂಬರ್‌ನಲ್ಲಿ ಎರಡು ರಾಟ್‌ವೀಲರ್ ನಾಯಿಗಳ ದಾಳಿಗೆ ಸಿಲುಕಿ ಮಹಿಳೆಯೊಬ್ಬರು ಮೃತಪಟ್ಟಾಗ, ಅವುಗಳನ್ನು ಅಲ್ಲಿ ತಂದು ಬಿಟ್ಟ ಆರೋಪದ ಮೇಲೆ ಪೊಲೀಸರು ಮಾಲೀಕನನ್ನು ಬಂಧಿಸಿದರು. ಸಾಕಲಾಗದ ನಾಯಿಯನ್ನು ಊರಾಚೆ ಬಿಟ್ಟುಬಂದರೆ ಹೊಣೆಯೂ ಅಲ್ಲಿಗೇ ಬಿಟ್ಟುಹೋಗುತ್ತದೆಂದು ತಿಳಿದವರಿಗೆ ಈ ಪ್ರಕರಣ ಒಂದು ಎಚ್ಚರಿಕೆ.

ದಂಡ ಸರ್ಕಾರಕ್ಕೆ, ಪರಿಹಾರ ಗಾಯಾಳುವಿಗೆ

ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟರೆ ಪರಿಹಾರವೂ ತಾನಾಗಿ ಬರುತ್ತದೆಂಬುದು ಜನರಲ್ಲಿರುವ ದೊಡ್ಡ ತಪ್ಪುಕಲ್ಪನೆ. ದಂಡದ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ಶಿಕ್ಷೆ ವಿಧಿಸುವಾಗ ಗಾಯಾಳುವಿಗೆ ಪರಿಹಾರ ಕೊಡಿಸುವ ಅಧಿಕಾರ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 395ರ ಅಡಿ ನ್ಯಾಯಾಲಯಕ್ಕೆ ಇದೆ. ಆದರೆ ಅದು ಆರೋಪ ಸಾಬೀತಾದ ಮೇಲಿನ ಮಾತು. ಮುಂಬೈನಲ್ಲಿ 2010ರಲ್ಲಿ ನಡೆದ ರಾಟ್‌ವೀಲರ್ ಕಡಿತದ ಪ್ರಕರಣದಲ್ಲಿ ಗಿರ್ಗಾಂವ್‌ನ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಮಾಲೀಕನಿಗೆ ಮೂರು ತಿಂಗಳ ಶಿಕ್ಷೆ ವಿಧಿಸಿದ್ದು 2023ರಲ್ಲಿ.

ಆದ್ದರಿಂದ ನಷ್ಟ ತುಂಬಿಸಿಕೊಳ್ಳಬೇಕಾದವರಿಗೆ ಇರುವ ಪ್ರತ್ಯೇಕ ದಾರಿ ಸಿವಿಲ್ ದಾವೆ. ನಾಯಿ ಕಡಿತದ ಪರಿಹಾರಕ್ಕೆಂದೇ ಭಾರತದಲ್ಲಿ ಪ್ರತ್ಯೇಕ ಕಾಯ್ದೆಯಿಲ್ಲ. ಇಂಗ್ಲೆಂಡಿನ ನ್ಯಾಯಾಲಯಗಳ ತೀರ್ಪುಗಳಿಂದ ರೂಪುಗೊಂಡ ಅಪಕೃತ್ಯ ಕಾನೂನನ್ನೇ ಇಲ್ಲಿನ ನ್ಯಾಯಾಲಯಗಳೂ ಅನುಸರಿಸುತ್ತವೆ. ಅದರ ಪ್ರಕಾರ ಹುಲಿ, ಕರಡಿಯಂತಹ ಪ್ರಾಣಿಯನ್ನು ಇಟ್ಟುಕೊಂಡವನು ಎಷ್ಟೇ ಎಚ್ಚರ ವಹಿಸಿದ್ದರೂ ಅದು ಮಾಡಿದ ಹಾನಿಗೆ ಹೊಣೆ. ನಾಯಿ, ದನ, ಕುದುರೆಗಳು ಸ್ವಭಾವತಃ ಸಾಧುವೆಂಬ ಎಣಿಕೆಯಿಂದ ಅಲ್ಲಿ ನಿಯಮ ಬೇರೆ. ಆ ನಾಯಿಗೆ ಕಚ್ಚುವ ಚಾಳಿ ಇರುವುದು ಒಡೆಯನಿಗೆ ಮೊದಲೇ ತಿಳಿದಿತ್ತು ಎಂದಾಗಲಿ, ಸಹಜವಾಗಿ ವಹಿಸಬೇಕಾದ ಎಚ್ಚರವನ್ನು ಆತ ವಹಿಸಲಿಲ್ಲ ಎಂದಾಗಲಿ ಗಾಯಾಳು ತೋರಿಸಬೇಕಾಗುತ್ತದೆ.

ಇದರಿಂದಾಗಿಯೇ ಹಿಂದಿನ ಘಟನೆಗಳು ಬಹಳ ಮುಖ್ಯವಾಗುತ್ತವೆ. ಅದೇ ನಾಯಿ ಹಿಂದೆ ಮತ್ತೊಬ್ಬರನ್ನು ಅಟ್ಟಿಸಿಕೊಂಡು ಹೋಗಿದ್ದರೆ, ನೆರೆಯವರು ದೂರು ಹೇಳಿದ್ದರೆ, ಮುರಿದ ಗೇಟನ್ನು ದುರಸ್ತಿ ಮಾಡಿಸದೆ ಬಿಟ್ಟಿದ್ದರೆ, ‘ನನಗೆ ಗೊತ್ತಿರಲಿಲ್ಲ’ ಎಂಬ ಸಮಜಾಯಿಷಿ ಬಲ ಕಳೆದುಕೊಳ್ಳುತ್ತದೆ. ‘ನಾಯಿ ಇದೆ ಎಚ್ಚರಿಕೆ’ ಎಂಬ ಫಲಕವೂ ಎರಡು ಅಲಗಿನ ಕತ್ತಿ. ಗೋಡೆ ಹಾರಿ ಬಂದವನ ವಿರುದ್ಧ ಅದು ಮಾಲೀಕನಿಗೆ ರಕ್ಷಣೆಯಾಗಬಹುದು. ಆದರೆ ಕೆಲಸದ ಮೇಲೆ ಬಂದು, ಕರೆದ ಮೇಲೆ ಒಳಗೆ ಕಾಲಿಟ್ಟವರನ್ನು ಕಚ್ಚಿದಾಗ, ನಾಯಿ ಅಪಾಯಕಾರಿ ಎಂಬುದು ಮನೆಯವರಿಗೆ ಗೊತ್ತಿತ್ತು ಎಂಬುದಕ್ಕೆ ಅದೇ ಫಲಕವನ್ನು ಬೊಟ್ಟುಮಾಡಿ ತೋರಿಸಬಹುದು.

ಗಾಯಾಳುವಿನ ನಡವಳಿಕೆಯನ್ನೂ ನ್ಯಾಯಾಲಯ ಪರಿಗಣಿಸುತ್ತದೆ. ಕಟ್ಟಿಹಾಕಿದ ನಾಯಿಗೆ ಕಲ್ಲೆಸೆದು, ಕೋಲಿನಿಂದ ತಿವಿದು ಕಚ್ಚಿಸಿಕೊಂಡವರ ಪರಿಹಾರದ ಹಕ್ಕು ಕುಗ್ಗಬಹುದು ಅಥವಾ ಇಲ್ಲವಾಗಬಹುದು.

ಹೈಕೋರ್ಟ್ ಹೇಳಿದ್ದೇನು?

ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ 23 ತಳಿಯ ನಾಯಿಗಳ ಸಾಕಣೆ, ಮಾರಾಟ ಮತ್ತು ತಳಿ ಅಭಿವೃದ್ಧಿಗೆ ತಡೆಯೊಡ್ಡುವಂತೆ ಕೇಂದ್ರದ ಪಶುಸಂಗೋಪನಾ ಇಲಾಖೆ 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಸುತ್ತೋಲೆ ಹೊರಡಿಸಿತ್ತು. ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು 2024ರ ಏಪ್ರಿಲ್ 10ರಂದು ಅದನ್ನು ರದ್ದುಪಡಿಸಿದರು. ಸಂಬಂಧಪಟ್ಟವರ ಅಹವಾಲು ಕೇಳದೆ ಸುತ್ತೋಲೆ ಹೊರಡಿಸಲಾಗಿದೆ ಎಂಬುದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದಾಗಿತ್ತು.

ಈ ತೀರ್ಪನ್ನು ನಾಯಿ ಸಾಕುವವರ ಗೆಲುವೆಂದು ಮಾತ್ರ ಓದಿದರೆ ಅರ್ಧ ಓದಿದಂತೆ. ಸಾಕುನಾಯಿ ದಾಳಿ ಮಾಡಿದರೆ ಅಥವಾ ಕಚ್ಚಿದರೆ ಗಾಯಾಳುವಿನ ಚಿಕಿತ್ಸೆಯ ಸಂಪೂರ್ಣ ಹೊಣೆ ಮಾಲೀಕನದೇ ಆಗಬೇಕು, ನಷ್ಟ ಪರಿಹಾರವನ್ನು ಪ್ರತ್ಯೇಕವಾಗಿ ಕೊಡಬೇಕು ಎಂಬ ಆಶಯವನ್ನೂ ಅದೇ ತೀರ್ಪು ವ್ಯಕ್ತಪಡಿಸಿದೆ. ಹೊಣೆಯನ್ನು ನಾಯಿಯ ತಳಿಗೆ ಕಟ್ಟುವ ಬದಲು ಸಾಕುವವರ ನಡವಳಿಕೆಗೆ ಕಟ್ಟಬೇಕೆಂಬುದು ಇದರ ಸಾರ. ಮುಧೋಳ ನಾಯಿಯೇ ಇರಲಿ, ಹಳ್ಳಿಯ ನಾಟಿನಾಯಿಯೇ ಇರಲಿ, ಅಳತೆಗೋಲು ಒಂದೇ.

ಕಚ್ಚಿಸಿಕೊಂಡವರು ಮೊದಲು ಮಾಡಬೇಕಾದುದು

ಕಾನೂನಿನ ಮಾತು ಏನೇ ಇರಲಿ, ಮೊದಲ ಕರ್ತವ್ಯ ಪ್ರಾಣ ಉಳಿಸಿಕೊಳ್ಳುವುದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ನಂತರ ಬದುಕುಳಿಯುವುದು ಅತಿ ವಿರಳ. ಗಾಯವನ್ನು ತಕ್ಷಣ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ಕೊಳ್ಳೇಗಾಲದ ಸರ್ಕಾರಿ ಉಪವಿಭಾಗ ಆಸ್ಪತ್ರೆಗೋ ಹೋಗಿ ಲಸಿಕೆ ಆರಂಭಿಸಬೇಕು. ರಕ್ತ ಬಂದ ಆಳವಾದ ಗಾಯಕ್ಕೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಸಾಕುನಾಯಿಗೆ ಲಸಿಕೆ ಹಾಕಿಸಿದೆ ಎಂದು ಮನೆಯವರು ಹೇಳಿದ ಮಾತ್ರಕ್ಕೆ ವೈದ್ಯರನ್ನು ಕೇಳದೆ ಚಿಕಿತ್ಸೆ ಬಿಡಬಾರದು.

ಆಸ್ಪತ್ರೆಯಲ್ಲಿ ಬರೆಸುವ ಚೀಟಿಯೇ ಮುಂದೆ ಮೊದಲ ಸಾಕ್ಷ್ಯವಾಗುತ್ತದೆ. ‘ನಾಯಿ ಕಡಿತ’ ಎಂದಷ್ಟೇ ಬರೆಸದೆ, ಯಾರ ಮನೆಯ ನಾಯಿ, ಯಾವ ಸ್ಥಳ, ಎಷ್ಟು ಹೊತ್ತಿಗೆ ಎಂಬುದನ್ನೂ ಹೇಳಿ ವೈದ್ಯಕೀಯ-ಕಾನೂನು ಪ್ರಕರಣವೆಂದು ದಾಖಲಿಸಿಕೊಳ್ಳುವಂತೆ ಕೋರಬೇಕು. ಗಾಯದ ಛಾಯಾಚಿತ್ರ, ಔಷಧಿ ರಸೀದಿ, ಕೆಲಸಕ್ಕೆ ಹೋಗಲಾಗದ ದಿನಗಳ ಲೆಕ್ಕ, ಕಣ್ಣಾರೆ ಕಂಡವರ ವಿವರ, ಹತ್ತಿರದ ಸಿಸಿಟಿವಿ ದೃಶ್ಯ ಇವನ್ನು ಆ ವಾರದಲ್ಲಿಯೇ ಸಂಗ್ರಹಿಸುವುದು ಲೇಸು.

ಕಲಂ 291ರ ಅಪರಾಧ ಸಂಜ್ಞೇಯವಾದುದರಿಂದ ಪೊಲೀಸರು ನ್ಯಾಯಾಲಯದ ಅಪ್ಪಣೆಗೆ ಕಾಯದೆ ಎಫ್‌ಐಆರ್ ದಾಖಲಿಸಬಹುದು. ಇದು ಜಾಮೀನು ಸಿಗುವ ಅಪರಾಧ. ಇಂತಹ ಪ್ರಕರಣಗಳನ್ನು ನ್ಯಾಯಾಲಯ ವಿಚಾರಣೆಗೆ ಅಂಗೀಕರಿಸಲು ಒಂದು ವರ್ಷದ ಕಾಲಮಿತಿ ಇರುವುದರಿಂದ ದೂರು ತಡಮಾಡಬಾರದು.

ಸಿವಿಲ್ ದಾವೆಗೆ ಕಾಲಮಿತಿ ಮೂರು ವರ್ಷ. ಸಾವು ಸಂಭವಿಸಿ ಮೃತರ ಕುಟುಂಬದವರು 1855ರ ಮಾರಕ ಅಪಘಾತಗಳ ಕಾಯ್ದೆಯಡಿ ಪರಿಹಾರ ಕೇಳುವುದಾದರೆ ಎರಡು ವರ್ಷ. ಗಾಯಗೊಂಡಿದ್ದು ಮಗುವಾದರೆ ಪೋಷಕರು ಅದರ ಪರವಾಗಿ ಕೂಡಲೇ ದಾವೆ ಹೂಡಬಹುದು. ಹೂಡದಿದ್ದಲ್ಲಿ ಆ ಮಗು ಪ್ರಾಪ್ತ ವಯಸ್ಕನಾದ ಮೇಲೆ ಮೂರು ವರ್ಷದೊಳಗೆ ತಾನೇ ಕೇಳಬಹುದು.

ವಕೀಲರ ಶುಲ್ಕಕ್ಕೆ ಹೆದರಿ ಸುಮ್ಮನಾಗುವವರೇ ಹೆಚ್ಚು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯಲು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಅವಕಾಶ ನೀಡಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು ಅಥವಾ 15100 ಸಂಖ್ಯೆಗೆ ಕರೆ ಮಾಡಬಹುದು.

ಕೆಲಸದ ಮೇಲಿದ್ದಾಗ ಕಚ್ಚಿಸಿಕೊಂಡ ನೌಕರರಿಗೆ ಇನ್ನೊಂದು ಹಕ್ಕಿದೆ. ನೌಕರರ ಪರಿಹಾರ ಅಥವಾ ಇಎಸ್‌ಐ ವ್ಯಾಪ್ತಿಗೆ ಒಳಪಟ್ಟವರು, ಕೆಲಸದ ಸಂದರ್ಭದಲ್ಲೇ ಗಾಯವಾಯಿತೆಂದು ತೋರಿಸಿ ಆ ಸೌಲಭ್ಯ ಕೇಳಬಹುದು.

ರಾಜಿ ಮಾಡಿಕೊಳ್ಳುವ ಮುನ್ನ

ರಾಜಿ ಕೆಟ್ಟದ್ದೇನಲ್ಲ. ನೆರೆಹೊರೆಯವರ ಸಂಬಂಧ ಕೆಡದಂತೆ, ಕೋರ್ಟಿಗೆ ಅಲೆಯದಂತೆ ಪರಿಹಾರ ಸಿಗುವುದಾದರೆ ಅದು ಎರಡೂ ಕಡೆಗೆ ಹಿತ. ಆದರೆ ಕಚ್ಚಿದ ಮರುದಿನವೇ ಕೈಗೆ ಬಂದ ಹಣಕ್ಕೆ ‘ಇನ್ನು ಮುಂದೆ ಯಾವ ತಕರಾರೂ ಇಲ್ಲ’ ಎಂದು ಸಹಿ ಹಾಕಿದರೆ, ಗಾಯ ಕೀವುಗಟ್ಟಿ ಶಸ್ತ್ರಚಿಕಿತ್ಸೆ ಬೇಕಾದಾಗ ಅದೇ ಕಾಗದ ಎದುರಾಳಿಯ ಅಸ್ತ್ರವಾಗುತ್ತದೆ. ಲಸಿಕೆಯ ಕೊನೆಯ ಸುತ್ತು ಮುಗಿದು, ಒಟ್ಟು ಖರ್ಚು ಮತ್ತು ಕೂಲಿ ನಷ್ಟ ಎಷ್ಟೆಂದು ತಿಳಿದ ಮೇಲೆ, ಯಾವುದಕ್ಕೆ ಎಷ್ಟು ಎಂದು ಬರೆದು ಸಹಿ ಮಾಡುವುದು ಸುರಕ್ಷಿತ. ನಡುವೆ ಪಡೆದ ಹಣಕ್ಕೆ ‘ಚಿಕಿತ್ಸೆಯ ಮುಂಗಡ’ ಎಂದು ಬರೆಸಿಕೊಳ್ಳಬಹುದು.

ನಾಯಿ ಮತ್ತೆ ಮತ್ತೆ ಜನರ ಮೇಲೆ ಎರಗುತ್ತಿದ್ದರೆ, ಮುಂದಿನ ಕಡಿತದವರೆಗೆ ಕಾಯಬೇಕಾಗಿಲ್ಲ. ಅಪಾಯಕಾರಿ ಪ್ರಾಣಿಯನ್ನು ಕೂಡಿಹಾಕುವಂತೆ ಆದೇಶಿಸುವ ಅಧಿಕಾರ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152ರ ಅಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಇದೆ. ಕೊಳ್ಳೇಗಾಲದ ಉಪವಿಭಾಗಾಧಿಕಾರಿಗೆ ಈ ಬಗ್ಗೆ ಅರ್ಜಿ ಸಲ್ಲಿಸಬಹುದು. ಆದರೆ ಸಿಟ್ಟಿನಿಂದ ನಾಯಿಗೆ ವಿಷ ಹಾಕಿದರೆ, ಹಾಕಿದವರೇ ಕಲಂ 325ರ ಅಡಿ ಐದು ವರ್ಷದವರೆಗೆ ಸೆರೆವಾಸಕ್ಕೆ ಗುರಿಯಾಗಬಹುದು ಎಂಬುದನ್ನು ಮರೆಯಬಾರದು.

ಸಾಕುವವರಿಗೂ ಕೆಲವು ಮಾತು

ಸಾಕುಪ್ರಾಣಿಯ ಲಸಿಕೆ, ಸಂತಾನ ನಿಯಂತ್ರಣ ಮತ್ತು ಸ್ಥಳೀಯ ನಿಯಮದಂತೆ ಪರವಾನಗಿಯ ಹೊಣೆ ಮಾಲೀಕನದೇ ಎಂದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುತ್ತವೆ. ವರ್ಷವರ್ಷವೂ ರೇಬೀಸ್ ಲಸಿಕೆ ಹಾಕಿಸಿ ಕಾರ್ಡು ಜೋಪಾನ ಮಾಡುವುದು, ಗೇಟಿನ ಅಗುಳಿ ಸರಿಯಿರುವಂತೆ ನೋಡಿಕೊಳ್ಳುವುದು, ಬೀದಿಗೆ ಕರೆದೊಯ್ಯುವಾಗ ಹಗ್ಗ ಬಿಡದಿರುವುದು, ಕಚ್ಚುವ ಚಾಳಿಯಿದ್ದರೆ ಬಾಯಿಕುಕ್ಕೆ ಹಾಕುವುದು ಇವೆಲ್ಲ ಸಣ್ಣ ಕೆಲಸಗಳಂತೆ ಕಂಡರೂ, ನ್ಯಾಯಾಲಯದಲ್ಲಿ ‘ಸಾಕಷ್ಟು ಎಚ್ಚರ ವಹಿಸಿದ್ದೆ’ ಎಂದು ಹೇಳಲು ಇರುವ ಆಧಾರವೂ ಇವೇ. ಶಿವರಾತ್ರಿಯ ಹೊತ್ತಿಗೆ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಡುವವರು ರಾತ್ರಿಯಿಡೀ ಸಾಗುವ ಹಾದಿಬದಿಯ ಮನೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಬೇಕು.

ಹಾಗೆಂದು ನಾಯಿಯನ್ನು ಸದಾ ಸರಪಳಿಯಲ್ಲಿ ಬಿಗಿಯುವುದೂ ಸಲ್ಲದು. ಕಟ್ಟಿಯೇ ಇಡುವ ನಾಯಿಯನ್ನು ಅಡ್ಡಾಡಿಸದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಕ್ರೌರ್ಯ.

ನಾಯಿ ಕಚ್ಚಿಯೇಬಿಟ್ಟರೆ ಅದನ್ನು ಓಡಿಸುವುದೋ, ದೂರ ಬಿಟ್ಟುಬರುವುದೋ ಅತ್ಯಂತ ಕೆಟ್ಟ ಉಪಾಯ. ಅದನ್ನು ಹತ್ತು ದಿನ ಕಣ್ಗಾವಲಿನಲ್ಲಿ ಇಟ್ಟು ಪಶುವೈದ್ಯರಿಗೆ ತೋರಿಸಬೇಕು. ಆ ಅವಧಿಯಲ್ಲಿ ಅದು ಆರೋಗ್ಯವಾಗಿದ್ದರೆ ಗಾಯಾಳುವಿನ ಮನೆಯವರಿಗೆ ಸಿಗುವ ನೆಮ್ಮದಿ ಸಣ್ಣದಲ್ಲ. ನಾಯಿ ಕಾಣೆಯಾದರೆ ಆ ಭೀತಿ ತಿಂಗಳುಗಟ್ಟಲೆ ಕಾಡುತ್ತದೆ.

ಗಾಯಾಳುವನ್ನು ಮೊದಲು ಆಸ್ಪತ್ರೆಗೆ ಕರೆದೊಯ್ಯುವವರು ನಾಯಿಯ ಮನೆಯವರೇ ಆದರೆ ಎಷ್ಟೋ ಪ್ರಕರಣಗಳು ಠಾಣೆಯ ಮೆಟ್ಟಿಲು ಹತ್ತುವುದೇ ಇಲ್ಲ. ಅದಕ್ಕೂ ಮೊದಲು ಮಾಡಬಹುದಾದ ಕೆಲಸ ಇನ್ನೂ ಸುಲಭ. ಗೇಟಿನ ಬಳಿ ಯಾರಾದರೂ ನಿಂತಾಗ ‘ಏನೂ ಮಾಡಲ್ಲ, ಬನ್ನಿ’ ಎನ್ನುವ ಬದಲು, ‘ಸ್ವಲ್ಪ ತಾಳಿ, ನಾಯಿ ಕಟ್ಟಿ ಬರುತ್ತೇನೆ’ ಎಂದರೆ ಸಾಕು.